ಹಳೇ ಸ್ಪೀಕರ್‌ಗೆ ಅಸಲಿ ಡ್ರೈವರ್ ಹುಡುಕುವಾಗ ಏನೇನು ನೋಡಬೇಕು?

ಮಂದ್ರಸ್ಥಾಯಿ

ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯ ಎಆರ್-3ಎ ಸ್ಪೀಕರ್ ಒಂದು ಜೋಡಿ ಇದೆ. ಒಂದೊಂದರಲ್ಲೂ ಮೂರು ಡ್ರೈವರ್, ಅಂದರೆ ದನಿ ಹೊರಡಿಸುವ ಘಟಕ: ತಗ್ಗು ದನಿಗೆ ವೂಫರ್, ಮಧ್ಯದ ದನಿಗೆ ಮಿಡ್‌ರೇಂಜ್, ಏರು ದನಿಗೆ ಟ್ವೀಟರ್. ಬಲಗಡೆಯದರಲ್ಲಿ ಟ್ವೀಟರ್ ಸದ್ದೇ ಇಲ್ಲ. ಎರಡೂ ವೂಫರ್‌ಗಳ ಫೋಮ್ ಅಂಚು ಬೆರಳು ತಾಗಿದರೆ ಉದುರುತ್ತಿದೆ. ಪೆಟ್ಟಿಗೆ, ಮುಂದಿನ ಬಟ್ಟೆ, ಹಿಂದಿನ ಚೀಟಿ ಎಲ್ಲ ಚೆನ್ನಾಗಿವೆ. ಈ ಕಾಲದ ಯಾವುದೋ ಡ್ರೈವರ್ ತುರುಕುವ ಮನಸ್ಸಿಲ್ಲ, ಅಸಲಿಯೇ ಬೇಕು. ಎಲ್ಲಿಂದ ಶುರು ಮಾಡಬೇಕು? ಮಾರುವವರನ್ನು ಏನು ಕೇಳಬೇಕು? ಸಿಕ್ಕಿದ್ದು ಅಸಲಿಯೇ ಅಂತ ತಿಳಿಯೋದು ಹೇಗೆ? ಬೇರೆ ಕಂಪನಿಗಳ ಡ್ರೈವರ್ ಬಗ್ಗೆ ಗೊತ್ತಿದ್ದವರೂ ಬರೆಯಿರಿ, ಹುಡುಕುವ ಕ್ರಮ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ಇರುತ್ತದೆ.

ತಂತಿಗಂಟು

ಹುಡುಕೋದಕ್ಕೆ ಮೊದಲು ಟ್ವೀಟರ್ ನಿಜವಾಗಿ ಸತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಎಆರ್-3ಎ ವಿಷಯದಲ್ಲಿ ಟ್ವೀಟರನ್ನು ಅನುಮಾನಿಸುವ ಮೊದಲು ನೋಡಬೇಕಾದ್ದು ನಾಲ್ಕು ಇದೆ.

ಒಂದು, ಹಿಂದಿನ ಟರ್ಮಿನಲ್‌ಗಳು. ಅಲ್ಲಿ 1, 2, ಟಿ ಅಂತ ಮೂರು ತಿರುಪುಗಳಿವೆ. 2 ಮತ್ತು ಟಿ ನಡುವೆ ಒಂದು ಲೋಹದ ಪಟ್ಟಿ ಇರಬೇಕು. ಅದು ಕಳಚಿದ್ದರೆ ಅಥವಾ ಕಿಲುಬು ಹಿಡಿದಿದ್ದರೆ ಎಲ್ಲ ಡ್ರೈವರ್ ಸರಿಯಿದ್ದರೂ ಪೂರ್ತಿ ದನಿ ಬರಲ್ಲ.

ಎರಡು, ಮಟ್ಟ ಹೊಂದಿಸುವ ಎರಡು ತಿರುಗುಗುಬ್ಬಿಗಳು. ಒಳಗಿರೋದು ತಂತಿ ಸುತ್ತಿದ ಪೊಟೆನ್ಷಿಯೋಮೀಟರ್. ಒಳಗೆ ಹಸಿರು ಕಿಲುಬು ಕೂತು ಸಂಪರ್ಕ ತಪ್ಪಿಹೋಗೋದು ಎಆರ್ ಪೆಟ್ಟಿಗೆಗಳ ಹಳೇ ರೋಗ. ಹಾಡು ಹಾಕಿ ಗುಬ್ಬಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ನಡುವೆ ಒಂದು ಕ್ಷಣ ಚರ್ ಅಂತ ಟ್ವೀಟರ್ ದನಿ ಬಂದರೂ ಸಾಕು, ಡ್ರೈವರ್ ಬದುಕಿದೆ.

ಮೂರು, ಟ್ವೀಟರ್ ಸಾಲಿನ 6 ಮೈಕ್ರೋಫ್ಯಾರಡ್ ಕೆಪಾಸಿಟರ್.

ನಾಲ್ಕು, ಟ್ವೀಟರ್ ಮುಖದ ಮೇಲೆ ಹಾಯ್ದು ಗುಮ್ಮಟಕ್ಕೆ (ಅಲುಗಿ ದನಿ ಮಾಡುವ ಉಬ್ಬು ಭಾಗ) ಹೋಗುವ ಕೂದಲೆಳೆ ತಂತಿಗಳು. ಒಂದು ಭೂತಗನ್ನಡಿ, ಪಕ್ಕದಿಂದ ಬೀಳುವ ಟಾರ್ಚ್ ಬೆಳಕು ಇಟ್ಟುಕೊಂಡು ನೋಡಿ. ತುಂಡಾದ ತುದಿ ಬಹಳ ಸಲ ಬೆಸುಗೆ ಬಿಂದುವಿಗೆ ಅಂಟಿದ ಹಾಗೇ ಕಾಣುತ್ತೆ, ಅರ್ಧ ಮಿಲಿಮೀಟರ್ ಬಿಟ್ಟಿರುತ್ತೆ ಅಷ್ಟೇ. ಅದು ಸರಿಯಾಗೋ ಕೆಲಸ. ಇನ್ನೂ ತೆಳುವಾದ ಎನಾಮಲ್ ತಂತಿಯ ಒಂದು ಎಳೆ, ಸಣ್ಣ ಮೊನೆಯ ಬೆಸುಗೆ ಕಡ್ಡಿ, ಎರಡು ಸೆಕೆಂಡಿಗಿಂತ ಹೆಚ್ಚು ಶಾಖ ಕೊಡದ ಕೈ, ಇಷ್ಟು ಸಾಕು.

ಪರೀಕ್ಷೆಗೆ ಟ್ವೀಟರ್ ತಂತಿ ಬಿಚ್ಚಿ ಮಲ್ಟಿಮೀಟರ್ ಹಚ್ಚಿ. ಓಮ್ (ರೋಧದ ಅಳತೆ) ಬಂದರೆ ಕಾಯಿಲ್ (ಆ ಭಾಗವನ್ನು ಅಲ್ಲಾಡಿಸುವ ತಂತಿಸುರುಳಿ) ಬದುಕಿದೆ. ಸಂಖ್ಯೆಯೇ ಬರದಿದ್ದರೆ ಮೇಲೆ ಹೇಳಿದ ಎಳೆ ನೋಡಿ, ಆಮೇಲೆ ಹುಡುಕಾಟಕ್ಕೆ ಹೊರಡಿ. ಟ್ವೀಟರನ್ನು ಯಾವತ್ತೂ ಕೆಪಾಸಿಟರ್ ಇಲ್ಲದೆ ನೇರ ಆಂಪ್ಲಿಫೈಯರ್‌ಗೆ ಕೊಡಬೇಡಿ. ಪರೀಕ್ಷಿಸೋಕೆ ಹೋಗಿ ಸುಟ್ಟ ಅಸಲಿ ಟ್ವೀಟರ್‌ಗಳ ಲೆಕ್ಕವೇ ಇಲ್ಲ.

ಹಿಂಚೀಟಿ

ಎರಡನೆಯ ಹೆಜ್ಜೆ, ನಿಮಗೆ ಬೇಕಾದ್ದರ ನಿಖರ ಹೆಸರು. ಪೆಟ್ಟಿಗೆಯ ಮಾಡೆಲ್ ಹೆಸರಿನಲ್ಲಿ ಹುಡುಕುವವರಿಗೆ ಸಿಗುವುದು ಕಡಿಮೆ, ಡ್ರೈವರ್ ಬೆನ್ನಿನ ಸಂಖ್ಯೆಯಲ್ಲಿ ಹುಡುಕುವವರಿಗೆ ಸಿಗುವುದು ಹೆಚ್ಚು. ಮಾರುವವರಲ್ಲಿ ಅರ್ಧ ಜನಕ್ಕೆ ತಮ್ಮ ಕೈಯಲ್ಲಿರುವುದು ಯಾವ ಪೆಟ್ಟಿಗೆಯದು ಎಂದೇ ಗೊತ್ತಿರುವುದಿಲ್ಲ, ಬೆನ್ನ ಮೇಲೆ ಕಂಡದ್ದನ್ನು ಹಾಗೇ ಟೈಪ್ ಮಾಡಿರುತ್ತಾರೆ.

ಅಮೆರಿಕದ ಡ್ರೈವರ್‌ಗಳಲ್ಲಿ ಬಹಳಷ್ಟಕ್ಕೆ ಇಐಎ (ಅಲ್ಲಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘ) ಸಂಕೇತ ಇರುತ್ತದೆ. ಮೊದಲ ಎರಡು, ಮೂರು ಅಥವಾ ನಾಲ್ಕು ಅಂಕಿ ತಯಾರಕರದು, ಉಳಿದದ್ದು ವರ್ಷ ಮತ್ತು ವಾರ. 67 ಎಂದರೆ ಎಮಿನೆನ್ಸ್, 137 ಸಿಟಿಎಸ್, 220 ಜೆನ್ಸನ್, 285 ರೋಲಾ, 328 ಯೂಟಾ, 391 ಆಲ್ಟೆಕ್, 465 ಆಕ್ಸ್‌ಫರ್ಡ್, 649 ಎಲೆಕ್ಟ್ರೋವಾಯ್ಸ್. ದೊಡ್ಡ ಹೆಸರಿನ ಪೆಟ್ಟಿಗೆಯ ಒಳಗೆ ಇಂಥ ತಯಾರಕರ ಡ್ರೈವರ್ ಇದ್ದರೆ, ಅದೇ ಡ್ರೈವರ್ ಹೆಸರಿಲ್ಲದ ಇನ್ನೊಂದು ಪೆಟ್ಟಿಗೆಯಲ್ಲೂ ಕೂತಿರಬಹುದು. ಹುಡುಕಾಟದ ಬಾಗಿಲು ಅಲ್ಲಿ ಅಗಲವಾಗುತ್ತದೆ.

ಫಿಲಿಪ್ಸ್ ಸಂಕೇತ ಇನ್ನೂ ಸುಲಭ. ಎಡಿ 0160/ಟಿ8 ಎಂದರೆ ಟ್ವೀಟರ್, 8 ಓಮ್. ಡಬ್ಲ್ಯೂ ಇದ್ದರೆ ವೂಫರ್, ಎಸ್‌ಕ್ಯೂ ಇದ್ದರೆ ಮಿಡ್‌ರೇಂಜ್. ಗೆರೆಯ ಆಚೆಯ ಅಂಕಿ 4 ಆಗಿದ್ದರೆ ಡ್ರೈವರ್ ನೋಡಲು ಅದೇ ಆದರೂ ದನಿಯನ್ನು ಡ್ರೈವರ್‌ಗಳಿಗೆ ಹಂಚುವ ನಿಮ್ಮ ಕ್ರಾಸ್‌ಓವರ್‌ಗೆ ಹೊಂದುವುದಿಲ್ಲ.

ಕೆಇಎಫ್‌ನಲ್ಲಿ ಬಿ110 (ತಗ್ಗು-ಮಧ್ಯ ದನಿಯದು), ಟಿ27 (ಟ್ವೀಟರ್) ಎಂಬುದು ಮನೆತನದ ಹೆಸರಿದ್ದಂತೆ. ಮುಖ್ಯವಾದದ್ದು ಎಸ್‌ಪಿ ಸಂಖ್ಯೆ. ಬಿಬಿಸಿ ವಿನ್ಯಾಸದ ಎಲ್‌ಎಸ್3/5ಎಯ 15 ಓಮ್ ಆವೃತ್ತಿಗೆ ಬಿ110 ಎಸ್‌ಪಿ1003, ಟಿ27 ಎಸ್‌ಪಿ1032. 1980ರ ದಶಕದ ಕೊನೆಗೆ ಬಂದ 11 ಓಮ್ ಆವೃತ್ತಿಗೆ ಬಿ110 ಎಸ್‌ಪಿ1228. ಇವೆರಡನ್ನು ಅದಲುಬದಲು ಮಾಡಿದರೆ ಕ್ರಾಸ್‌ಓವರ್ ಲೆಕ್ಕ ತಪ್ಪುತ್ತದೆ. ಇಲ್ಲಿ ಇನ್ನೊಂದು ಬಲೆ ಇದೆ: ಪೆಟ್ಟಿಗೆಯ ಹಿಂದೆ 15 ಓಮ್ ಎಂದಿದ್ದರೂ ಒಳಗಿನ ಡ್ರೈವರ್‌ಗಳು 8 ಓಮ್‌ನವೇ. 15 ಓಮ್ ಎಂಬುದು ಕ್ರಾಸ್‌ಓವರ್ ಸೇರಿದ ಮೇಲಿನ ಮಾತು. 15 ಓಮ್ ಬಿ110 ಹುಡುಕುತ್ತ ಕೂತರೆ ವರ್ಷಗಟ್ಟಲೆ ಕೂರಬೇಕಾಗುತ್ತದೆ.

ಪುಟ್ಟಗುಮ್ಮಟ

ನನ್ನ ಹತ್ತಿರದ ಒಂದು ವೂಫರ್ ಚೌಕಟ್ಟಿನ ಅಂಚಿನಲ್ಲಿ 137 7332 ಅಂತ ಮಾತ್ರ ಇದೆ. ಇನ್ನೊಂದರ ಮೇಲೆ 220 647. ಇದನ್ನು ಹೇಗೆ ಓದಬೇಕು?

ಹಿಂಚೀಟಿ

ಮೊದಲನೆಯದು ಸಿಟಿಎಸ್, 1973ರ 32ನೇ ವಾರ. ಎರಡನೆಯದು ಜೆನ್ಸನ್, ವರ್ಷಕ್ಕೆ ಒಂದೇ ಅಂಕಿ: 6. ಅಂದರೆ 1956 ಅಥವಾ 1966ರ 47ನೇ ವಾರ. ದಶಕವನ್ನು ಬೇರೆ ಗುರುತುಗಳಿಂದ ತೀರ್ಮಾನಿಸಬೇಕು: ಮ್ಯಾಗ್ನೆಟ್ ಯಾವುದು, ಟರ್ಮಿನಲ್ ಆಕಾರ ಏನು, ಪೆಟ್ಟಿಗೆ ಯಾವ ಕಾಲದ್ದು. ಒಂದು ಜೋಡಿಯ ಎಲ್ಲ ಡ್ರೈವರ್‌ಗಳ ಸಂಕೇತ ಬರೆದಿಟ್ಟುಕೊಳ್ಳಿ. ಮೂರು ಡ್ರೈವರ್ 1973ರವು, ನಾಲ್ಕನೆಯದು 1979ರದು ಎಂದು ಕಂಡರೆ ಹಿಂದೆ ಯಾರೋ ಒಮ್ಮೆ ಬದಲಾಯಿಸಿದ್ದಾರೆ. ನೀವು ಅಸಲಿ ಎಂದು ಅಳತೆಗೋಲಾಗಿ ಹಿಡಿದದ್ದೇ ಅಸಲಿ ಅಲ್ಲದಿದ್ದರೆ ಮುಂದಿನ ಹೋಲಿಕೆಯೆಲ್ಲ ತಪ್ಪುತ್ತದೆ.

ದಾನಿ ಪೆಟ್ಟಿಗೆಗಳ, ಅಂದರೆ ಡ್ರೈವರ್ ತೆಗೆದುಕೊಳ್ಳಲೆಂದೇ ಕೊಳ್ಳುವ ಪೆಟ್ಟಿಗೆಗಳ, ವಿಷಯವನ್ನೂ ಸೇರಿಸುತ್ತೇನೆ. ಡೈನಾಕೋ ಎ-25ರ ಟ್ವೀಟರ್ ನಾರ್ವೆಯ ಸಿಯಾಸ್ ಕಂಪನಿಯ ಎಚ್087, ಹಾಗಾಗಿ ಡೈನಾಕೋ ಹೆಸರಿಗಿಂತ ಎಚ್087 ಎಂದು ಹುಡುಕುವುದು ಮೇಲು. ಸೆಲೆಸ್ಟಿಯನ್ ಎಚ್‌ಎಫ್1300 ಟ್ವೀಟರ್ ಸ್ಪೆಂಡರ್ ಬಿಸಿ1ರಲ್ಲೂ ಇದೆ, ಬಿ&ಡಬ್ಲ್ಯೂ ಡಿಎಂ2ರಲ್ಲೂ ಇದೆ. ಕೆಇಎಫ್ ಕನ್ಸರ್ಟೋ ಪೆಟ್ಟಿಗೆಯೊಳಗೆ ಬಿ139, ಬಿ110, ಟಿ27 ಮೂರೂ ಸಿಗುತ್ತವೆ. ಬಿಡಿ ಡ್ರೈವರ್ ಎರಡಕ್ಕೆ ಕೊಡುವ ಹಣಕ್ಕಿಂತ ಕಡಿಮೆಗೆ ಪೂರ್ತಿ ಪೆಟ್ಟಿಗೆ ಜೋಡಿ ಬರುವುದುಂಟು, ಯಾಕೆಂದರೆ ದೊಡ್ಡ ಪೆಟ್ಟಿಗೆ ಸಾಗಿಸುವುದು ಯಾರಿಗೂ ಬೇಡ. ಒಂದು ಮಾತು ಮಾತ್ರ: ಚೆನ್ನಾಗಿ ಹಾಡುತ್ತಿರುವ ಜೋಡಿಯನ್ನು ಕಿತ್ತು ಬಿಡಿಭಾಗ ಮಾಡಬೇಡಿ. ಪ್ಲೈವುಡ್ ಉಬ್ಬಿ ಹೋದದ್ದು, ಕ್ರಾಸ್‌ಓವರ್ ಕಳೆದದ್ದು, ಒಂಟಿಯಾಗಿ ಉಳಿದದ್ದು ಬೇಕಾದಷ್ಟಿವೆ.

ಅಳತೆಪಟ್ಟಿ

ಎಲ್‌ಎಸ್3/5ಎ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಕನ್ಸರ್ಟೋದಿಂದ ತೆಗೆದ ಎಸ್‌ಪಿ1003 ಸಂಖ್ಯೆಯಲ್ಲಿ ಅದೇ ಆದರೂ ಎಲ್‌ಎಸ್3/5ಎಗೆ ಹೋದವು ಅಳೆದು ಆರಿಸಿದವು. ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್‌ನ ಕೋನ್‌ಗಳಲ್ಲಿ (ಅಲುಗಿ ದನಿ ಮಾಡುವ ಶಂಕು) ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ. ದಾನಿ ಪೆಟ್ಟಿಗೆಯಿಂದ ತರುವುದಾದರೆ ಎರಡಲ್ಲ, ನಾಲ್ಕು ತಂದು ಅಳೆದು, ಹತ್ತಿರ ಬಂದ ಎರಡನ್ನು ಬಳಸಿ. ಟಿ27 ಮುಂದಿನ ರಂಧ್ರಜಾಲರಿ, ಸುತ್ತಲಿನ ದಪ್ಪ ಉಣ್ಣೆಪಟ್ಟಿ ಕೂಡ ವಿನ್ಯಾಸದ ಭಾಗ. ಡ್ರೈವರ್ ಬದಲಾಯಿಸುವಾಗ ಅದನ್ನು ಕಿತ್ತು ಎಸೆಯಬಾರದು.

ಆಲ್ನಿಕೋ

"ಅಸಲಿ" ಅನ್ನೋ ಮಾತನ್ನು ಬಿಡಿಸಿ ನೋಡಬೇಕು. ಮೂರು ಅರ್ಥದಲ್ಲಿ ಮಾರುತ್ತಾರೆ. ಚೌಕಟ್ಟು ಮತ್ತು ಮ್ಯಾಗ್ನೆಟ್ ಅಸಲಿ, ಕೋನ್ ಬೇರೆಯವರದು. ಅಥವಾ ಎಲ್ಲವೂ ಕಾರ್ಖಾನೆಯದೇ, ಆದರೆ ನಲವತ್ತೈವತ್ತು ವರ್ಷದ ಮುಪ್ಪು ಬಂದಿದೆ. ಅಥವಾ ಬಳಸದೇ ಡಬ್ಬದಲ್ಲೇ ಇದ್ದ ಹಳೇ ಸರಕು. ಮೂರನೆಯದಕ್ಕೆ ಜನ ಮುಗಿಬೀಳುತ್ತಾರೆ, ನನ್ನ ಲೆಕ್ಕದಲ್ಲಿ ಅತ್ಯಂತ ಎಚ್ಚರ ಬೇಕಾದ್ದು ಅದಕ್ಕೇ.

ಪಾಲಿಯುರಿಥೇನ್ ಫೋಮ್ ಕೊಳೆಯೋದು ಗಾಳಿಯ ತೇವದಿಂದ, ಹಾಡಿನಿಂದಲ್ಲ. 1978ರ ಫೋಮ್ ಅಂಚಿನ ವೂಫರ್ ಡಬ್ಬ ತೆರೆಯದೆ ಇದ್ದರೂ ಅದರ ಫೋಮ್ ಅಂಟಂಟು ಮೇಣವಾಗಿಯೋ ಪುಡಿಯಾಗಿಯೋ ಇರುತ್ತೆ. ಟ್ವೀಟರ್‌ನ ಫೆರೋಫ್ಲೂಯಿಡ್ (ಕಾಯಿಲ್ ಸುತ್ತಲಿನ ಕಾಂತೀಯ ದ್ರವ) ದಪ್ಪಗಾಗಿ ಗುಮ್ಮಟ ಅಲ್ಲಾಡದ ಹಾಗೆ ಹಿಡಿದಿರುತ್ತೆ. ಜೊತೆಗೆ ದೊಡ್ಡ ವೂಫರ್ ಮುಖ ಮೇಲಾಗಿ ಮಲಗಿದ್ದಷ್ಟು ಕಾಲ ಅದರ ಸ್ಪೈಡರ್ (ಕೋನ್ ಬುಡವನ್ನು ಹಿಡಿದಿಡುವ ಮಡಿಕೆ ಬಟ್ಟೆ) ಜೋಲುತ್ತಿರುತ್ತೆ.

ಜೋಲುವಿಕೆ ಎಷ್ಟು ಅಂತ ಲೆಕ್ಕ ಹಾಕಬಹುದು. 9.81 ಅನ್ನು, 2 ಪೈ ಗುಣಿಸು ಅನುರಣನ ಆವರ್ತನ (ಕೋನ್ ತಾನಾಗಿ ಅತಿ ಸುಲಭವಾಗಿ ಅಲುಗುವ ಆವರ್ತನ) ಇದರ ವರ್ಗದಿಂದ ಭಾಗಿಸಿ, ಉತ್ತರ ಮೀಟರ್ ಲೆಕ್ಕದಲ್ಲಿ ಬರುತ್ತೆ. 20 ಹರ್ಟ್ಜ್ ಡ್ರೈವರ್‌ಗೆ 0.62 ಮಿ.ಮೀ., 25 ಹರ್ಟ್ಜ್‌ಗೆ 0.40 ಮಿ.ಮೀ. ಎಆರ್-3ಎ ವೂಫರ್ ಬಿಡಿಯಾಗಿ 18 ಹರ್ಟ್ಜ್ ಸುಮಾರಿಗೆ ಅನುರಣಿಸುತ್ತೆ, ಅದಕ್ಕೆ 0.77 ಮಿ.ಮೀ. ಇದು ಮಲಗಿಸಿದ ಕ್ಷಣದ ಸಂಖ್ಯೆ. ವರ್ಷಗಳು ಕಳೆದಂತೆ ಬಟ್ಟೆ ಅದೇ ಆಕಾರಕ್ಕೆ ಒಗ್ಗಿ ಇನ್ನಷ್ಟು ಇಳಿಯುತ್ತೆ. ಅಂಥ ಡ್ರೈವರನ್ನು ಮಲಗಿಸಿಡಲೇಬೇಕಾದರೆ ಮುಂಚೆ ಹೇಗಿತ್ತೋ ಅದಕ್ಕೆ ಉಲ್ಟಾ ಇಡಿ.

ಕಪ್ಪುಬಟ್ಟೆ

ಮಂದ್ರಸ್ಥಾಯಿಯವರೇ, ರೀಫೋಮ್ ಮಾಡಿದ (ಹೊಸ ಫೋಮ್ ಅಂಚು ಹಾಕಿದ) ಮೇಲೆ ಅದು ಅಸಲಿ ಅಲ್ಲ. ಕಾರ್ಖಾನೆಯ ಅಂಚೇ ಇರುವ ವೂಫರ್ ಹುಡುಕಿ. ತಡವಾದರೂ ಸಿಗುತ್ತೆ.

ಆಲ್ನಿಕೋ

ಇದನ್ನು ಒಪ್ಪೋಕಾಗಲ್ಲ. ಫೋಮ್ ಅಂಚಿನ ಎಆರ್-3ಎ ವೂಫರ್ ಕಾರ್ಖಾನೆಯ ಫೋಮ್ ಸಮೇತ ಗಟ್ಟಿಮುಟ್ಟಾಗಿ ಇವತ್ತು ಸಿಗುತ್ತೆ ಅಂದರೆ ಆ ಮಾತೇ ಅನುಮಾನದ್ದು. ಫೋಮ್ ಎಂದರೆ ಸೈಕಲ್ ಟೈರ್ ಇದ್ದ ಹಾಗೆ, ಸವೆಯುವ ಭಾಗ. ಕೋನ್, ವಾಯ್ಸ್ ಕಾಯಿಲ್, ಸ್ಪೈಡರ್ ಇವು ಉಳಿದಿವೆ ಅಂದರೆ ಡ್ರೈವರ್ ಉಳಿದಿದೆ. ಪೆಟ್ಟಿಗೆಯ ಜೊತೆ ಹುಟ್ಟಿದ ವೂಫರ್ ಕೈಯಲ್ಲೇ ಇರುವಾಗ ಅದನ್ನು ಬಿಟ್ಟು ಎಲ್ಲೋ ಸಿಕ್ಕ ಒಂಟಿ ವೂಫರ್ ಹಾಕೋದು ಅಸಲಿತನದಿಂದ ಇನ್ನೂ ದೂರ ಹೋದ ಹಾಗೆ.

ಎಆರ್‌ನಲ್ಲಂತೂ ಇದು ಬಹಳ ಮುಖ್ಯ. 1967ರಲ್ಲಿ ಬಂದ 3ಎಯ ಮೊದಲ ವರ್ಷಗಳ ವೂಫರ್‌ನಲ್ಲಿ ಆಲ್ನಿಕೋ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ) ಮ್ಯಾಗ್ನೆಟ್, ಬಟ್ಟೆಯ ಸರೌಂಡ್ (ಕೋನ್ ಸುತ್ತಲಿನ ಅಂಚು). ಆಮೇಲಿನದರಲ್ಲಿ ಫೆರೈಟ್ (ಪಿಂಗಾಣಿಯಂಥ ಮ್ಯಾಗ್ನೆಟ್), ಫೋಮ್. ಡ್ರೈವರ್ ಬದಲಾದಾಗ ಕ್ರಾಸ್‌ಓವರ್‌ನಲ್ಲಿ ವೂಫರ್ ಸಾಲಿನ ಇಂಡಕ್ಟರ್ ಕೂಡ ಬದಲಾಗಿದೆ. ಹಾಗಾಗಿ ಒಂದು ಪೆಟ್ಟಿಗೆಗೆ ಆಲ್ನಿಕೋ, ಇನ್ನೊಂದಕ್ಕೆ ಫೆರೈಟ್ ಹಾಕಿದರೆ ಎರಡೂ ಅಸಲಿ, ಆದರೆ ಜೋಡಿ ಅಲ್ಲ.

ಬಟ್ಟೆ ಸರೌಂಡ್ ಇದ್ದರೆ ಕತ್ತರಿಸಿ ಫೋಮ್ ಹಾಕಬೇಡಿ. ಬಟ್ಟೆಯ ಮೇಲಿನ ಲೇಪ ಒಣಗಿ ಗಾಳಿ ಸೋರುತ್ತಿದ್ದರೆ, ಯಾವತ್ತೂ ಗಟ್ಟಿಯಾಗದ ಲೇಪವನ್ನು ಹಿಂಬದಿಯಿಂದ ತೆಳುವಾಗಿ ಎರಡು ಸಲ ಬಳಿದರೆ ಸಾಕು.

ಕಪ್ಪುಬಟ್ಟೆ

ಫೋಮ್ ಬಗ್ಗೆ ಒಪ್ಪಿದೆ. ಆದರೆ ಕೋನ್ ಸಮೇತ ಬದಲಾಯಿಸೋದಕ್ಕೆ ನನ್ನ ಆಕ್ಷೇಪ ಇದ್ದೇ ಇದೆ. ಜೆಬಿಎಲ್ ಎಲ್100ರ 123ಎ-1 ವೂಫರ್ ನೋಡಿ, ಕೋನ್ ಮೇಲೆ ಬಿಳಿ ಆಕ್ವಾಪ್ಲಾಸ್ ಲೇಪ. ಆ ಲೇಪ ಬಣ್ಣಕ್ಕಾಗಿ ಇರೋದಲ್ಲ, ತೂಕ ಮತ್ತು ಅಡಗಿಸುವ ಗುಣಕ್ಕಾಗಿ. ಬೇರೆಯವರ ಕೋನ್ ಕಿಟ್‌ನಲ್ಲಿ ಬಿಳಿ ಬಣ್ಣ ಇರುತ್ತೆ, ತೂಕ ಇರಲ್ಲ. ತಗ್ಗು ದನಿ ಮೇಲಕ್ಕೆ ಸರಿದು ಮಧ್ಯದ ದನಿ ಮುಂದೆ ಬರುತ್ತೆ. ಜೆಬಿಎಲ್‌ನದೇ 2235ಎಚ್ ವೂಫರ್ ಇನ್ನೊಂದು ಉದಾಹರಣೆ: ಕಾಯಿಲ್ ಮೇಲುಗಡೆ ಕೋನ್ ಒಳಗೆ ಒಂದು ತೂಕದ ಉಂಗುರ ಇದೆ. ಅದಿಲ್ಲದೆ ಕಟ್ಟಿದರೆ ಆಗೋದು 2234ಎಚ್. ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ, ಅನುರಣನ ಅಳೆದರೆ ಮಾತ್ರ ಗೊತ್ತಾಗುತ್ತೆ.

ಜೆಬಿಎಲ್‌ನಲ್ಲಿ ಕೊನೆಯ ಅಕ್ಷರ ನೋಡೋದು ಮರೀಬೇಡಿ. 2231ಎ ಆಲ್ನಿಕೋ, 2231ಎಚ್ ಫೆರೈಟ್. ಎಲ್‌ಇ14ಎ, ಎಲ್‌ಇ14ಎಚ್ ಕೂಡ ಹಾಗೇ. 1978ರಲ್ಲಿ ಜೈರ್ ದೇಶದ ಗಲಭೆಯಿಂದ ಕೋಬಾಲ್ಟ್ ಕೊರತೆಯಾಗಿ ಆಲ್ನಿಕೋ ದುಬಾರಿಯಾಯಿತು, ಅಲ್ಲಿಂದ ಮುಂದೆ ಬಹಳ ಕಂಪನಿಗಳು ಫೆರೈಟ್‌ಗೆ ಹೊರಳಿದವು. ಅದಕ್ಕೇ ಒಂದೇ ಹೆಸರಿನ ಪೆಟ್ಟಿಗೆಯೊಳಗೆ ಎರಡು ಥರದ ಮ್ಯಾಗ್ನೆಟ್ ಕಾಣೋದು.

ಹಿಂಚೀಟಿ

ಮಾರುವವರಿಂದ ಕೇಳಬೇಕಾದ ಫೋಟೋಗಳು: ಬೆನ್ನಿನ ಚೀಟಿ ಅಥವಾ ಮುದ್ರೆ, ಸರೌಂಡ್ ಮತ್ತು ಕೋನ್ ಕೂಡುವ ಜಾಗ ಹತ್ತಿರದಿಂದ, ಡಸ್ಟ್ ಕ್ಯಾಪ್ (ಕೋನ್ ನಡುವಿನ ಮುಚ್ಚಳ) ಅಂಚು, ಚೌಕಟ್ಟಿನ ಕಿಟಕಿಯಿಂದ ಕಾಣುವ ಸ್ಪೈಡರ್, ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ತಂತಿ, ಮತ್ತು ಮಲ್ಟಿಮೀಟರ್ ಹಚ್ಚಿದಾಗ ಸಂಖ್ಯೆ ಕಾಣುವಂತೆ ಒಂದು. "ಪರೀಕ್ಷಿಸಿದೆ, ಚೆನ್ನಾಗಿದೆ" ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ಹಾಡು ಹಾಕಿದ ವಿಡಿಯೋವೂ ಬೇಡ. 20ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಒಂದೇ ಸ್ವರ ಹಾಕಿದ ವಿಡಿಯೋ ಕೇಳಿ. ಕಾಯಿಲ್ ಉಜ್ಜುತ್ತಿದ್ದರೆ ಹಾಡಿನಲ್ಲಿ ಮುಚ್ಚಿಹೋಗುತ್ತದೆ, ಒಂಟಿ ಸ್ವರದಲ್ಲಿ ಗರಗರ ಎಂದು ಕೇಳಿಯೇ ಕೇಳುತ್ತದೆ.

ಕೋನ್ ಬದಲಾಗಿದೆಯೇ ಎಂದು ತಿಳಿಯುವ ಗುರುತುಗಳು ಬರಿಗಣ್ಣಿಗೇ ಕಾಣುತ್ತವೆ. ಸ್ಪೈಡರ್ ಕೂತ ಜಾಗದಲ್ಲಿ ಎರಡು ಬಣ್ಣದ ಅಂಟು, ಹಳೆಯದು ಕಂದು, ಹೊಸದು ಬಿಳಿ ಅಥವಾ ಕಪ್ಪು. ಟರ್ಮಿನಲ್‌ನಲ್ಲಿ ಹಳೇ ಬೆಸುಗೆಯ ಮಂಕು ಬಣ್ಣದ ಮೇಲೆ ಹೊಳೆಯುವ ಬೆಸುಗೆ. ಕೋನ್ ಹಿಂಬದಿಯಲ್ಲಿ ಶಾಯಿಯ ಮುದ್ರೆ ಇರಬೇಕಾದಲ್ಲಿ ಖಾಲಿ. ಡಸ್ಟ್ ಕ್ಯಾಪ್ ವ್ಯಾಸ ನಿಮ್ಮದಕ್ಕಿಂತ ಕೆಲವು ಮಿಲಿಮೀಟರ್ ಹೆಚ್ಚು, ಅಂದರೆ ಹಳೇ ಅಂಟಿನ ಗುರುತು ಮುಚ್ಚಲು ದೊಡ್ಡದು ಹಾಕಿದ್ದಾರೆ.

ಯಮಹಾ ಎನ್‌ಎಸ್-10ಎಂ ವೂಫರ್ ಜೆಎ-1801ರಲ್ಲಿ ಇನ್ನೂ ಸ್ಪಷ್ಟ ಗುರುತೊಂದಿದೆ. ಅದರ ಬಿಳಿ ಕೋನ್ ಅಚ್ಚಿನಲ್ಲಿ ಒತ್ತಿದ್ದಲ್ಲ, ಚಪ್ಪಟೆ ಕಾಗದದ ಹಾಳೆಯನ್ನು ಸುರುಳಿ ಮಾಡಿ ಅಂಟಿಸಿದ್ದು. ಕೇಂದ್ರದಿಂದ ಅಂಚಿಗೆ ಹೋಗುವ ಒಂದು ಜೋಡಣೆಯ ಗೆರೆ ಬೆಳಕು ಓರೆ ಬಿದ್ದಾಗ ಕಾಣುತ್ತದೆ. ಗೆರೆ ಇಲ್ಲದ ನಯವಾದ ಕೋನ್ ಬದಲಿ. ಬೇಕಾದ ಕಾಗದದ ತಿರುಳು ಸಿಗದೆ 2001ರಲ್ಲಿ ಯಮಹಾ ಈ ಮಾಡೆಲ್ ನಿಲ್ಲಿಸಿತು, ಆದ್ದರಿಂದ ಹೊಸದಾಗಿ ಬರುವುದೆಲ್ಲ ಬೇರೆಯವರದು.

ಪುಟ್ಟಗುಮ್ಮಟ

ಯಮಹಾ ಎನ್‌ಎಸ್-1000ಎಂ ಮಿಡ್‌ರೇಂಜ್ ಬಗ್ಗೆಯೂ ಯಾರಾದರೂ ಬರೆಯಿರಿ. ಗುಮ್ಮಟ ತಗ್ಗಿದ್ದರೆ ಟೇಪ್ ಹಚ್ಚಿ ಎಳೆಯಬಹುದಾ?

ಅಳತೆಪಟ್ಟಿ

ಎಳೆಯಬೇಡಿ, ಮುಟ್ಟಲೂ ಬೇಡಿ. ಜೆಎ-0801 ಮಿಡ್‌ರೇಂಜ್ 88 ಮಿ.ಮೀ., ಜೆಎ-0513 ಟ್ವೀಟರ್ 30 ಮಿ.ಮೀ., ಎರಡರ ಗುಮ್ಮಟವೂ ಬೆರಿಲಿಯಂ. ಅದು ಅಲ್ಯೂಮಿನಿಯಂ ಥರ ಬಾಗುವ ಲೋಹವಲ್ಲ, ಬಿರುಕು ಬಿಟ್ಟು ಚೂರಾಗುತ್ತದೆ. ಬೆರಿಲಿಯಂ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ತರುತ್ತದೆ. ಒಡೆದ ಗುಮ್ಮಟ ಕಂಡರೆ ಊದಬೇಡಿ, ಗುಡಿಸಬೇಡಿ, ಸಾಮಾನ್ಯ ವ್ಯಾಕ್ಯೂಮ್ ಹಾಕಬೇಡಿ. ಮಾಸ್ಕ್ ಮತ್ತು ಕೈಗವಸು ತೊಟ್ಟು ಒದ್ದೆ ಕಾಗದದಿಂದ ಒತ್ತಿ ತೆಗೆದು, ಡ್ರೈವರ್ ಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಅಪಾಯಕಾರಿ ತ್ಯಾಜ್ಯವೆಂದೇ ಬೇರೆಯಾಗಿ ಕೊಡಿ. ಮುಂದಿನ ಲೋಹದ ಜಾಲರಿ ಕಳಚಿದ್ದನ್ನು ಕೊಳ್ಳಲೇಬೇಡಿ. ಈ ಎರಡಕ್ಕೂ ಅಸಲಿಯೇ ಬೇಕಾದರೆ ಪೂರ್ತಿ ಡ್ರೈವರೇ ಹುಡುಕಬೇಕು. ಹೆಚ್ಚಾಗಿ ಬರುವುದು ಜಪಾನಿನ ಹರಾಜುಗಳಲ್ಲಿ, ಹುಡುಕುವಾಗ ಜೆಎ ಸಂಖ್ಯೆಯನ್ನು ಅಡ್ಡಗೆರೆ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಕೊಡಿ.

ಈಗ ಅಳತೆಯ ಮಾತು. ಡ್ರೈವರ್ ಬಂದ ದಿನವೇ ಮೂರು ಸಂಗತಿ ಬರೆದಿಡಿ.

ಡಿಸಿ ರೋಧ: 8 ಓಮ್ ಎಂದು ಬರೆದ ಡ್ರೈವರ್‌ನಲ್ಲಿ ಮೀಟರ್ ತೋರಿಸುವುದು 5.5ರಿಂದ 7, 15 ಅಥವಾ 16 ಓಮ್‌ನದರಲ್ಲಿ 10ರಿಂದ 13. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಬಂದ 0.2 ಅಥವಾ 0.3 ಓಮ್ ಕಳೆಯಿರಿ. ತಾಪಮಾನವನ್ನೂ ಬರೆಯಿರಿ. ತಾಮ್ರದ ರೋಧ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 6.0 ಓಮ್ ಇದ್ದ ಕಾಯಿಲ್ 35 ಡಿಗ್ರಿಯಲ್ಲಿ 6.35 ತೋರಿಸುತ್ತದೆ, ಅದು ದೋಷವಲ್ಲ.

ಇಂಪಿಡೆನ್ಸ್ ರೇಖೆ (ಆವರ್ತನ ಬದಲಾದಂತೆ ಡ್ರೈವರ್ ಒಡ್ಡುವ ತಡೆ ಹೇಗೆ ಬದಲಾಗುತ್ತದೆ ಎಂಬ ಚಿತ್ರ): ಸೌಂಡ್‌ಕಾರ್ಡಿನ ಹೆಡ್‌ಫೋನ್ ಔಟ್‌ಪುಟ್, ಅದರ ಸಾಲಿನಲ್ಲಿ 100 ಓಮ್ ರೆಸಿಸ್ಟರ್, ಆಮೇಲೆ ಡ್ರೈವರ್. ರೆಸಿಸ್ಟರ್‌ನ ಮುಂಚೆ ಒಂದು ಇನ್‌ಪುಟ್, ನಂತರ ಇನ್ನೊಂದು ಇನ್‌ಪುಟ್. ಆರ್‌ಇಡಬ್ಲ್ಯೂ ಅಥವಾ ಲಿಂಪ್ ಸಾಫ್ಟ್‌ವೇರ್ ರೇಖೆ ಬರೆದುಕೊಡುತ್ತದೆ. ಡ್ರೈವರ್ ಹಚ್ಚುವ ಮುಂಚೆ 1 ಶೇಕಡಾ ನಿಖರತೆಯ 10 ಓಮ್ ರೆಸಿಸ್ಟರ್ ಹಚ್ಚಿ ನೋಡಿ, 10 ಬಂದರೆ ಜೋಡಣೆ ಸರಿ. ಅಳೆಯುವಾಗ ವೂಫರನ್ನು ಲಂಬವಾಗಿ ನಿಲ್ಲಿಸಿ, ಮ್ಯಾಗ್ನೆಟ್ ಹಿಂದಿನ ರಂಧ್ರ ಮುಚ್ಚಿಹೋಗದಂತೆ ಹಿಡಿಸಿ.

ಅನುರಣನ ಶಿಖರ: ಜೋಡಿಯ ಎರಡರಲ್ಲಿ ಶಿಖರದ ಜಾಗ 10 ಶೇಕಡಾ ಒಳಗೆ, ಡಿಸಿ ರೋಧ 5 ಶೇಕಡಾ ಒಳಗೆ ಇದ್ದರೆ ಜೋಡಿ ಎನ್ನಬಹುದು. ಶಿಖರ ಬಹಳ ಗಿಡ್ಡವಾಗಿ ಅಗಲವಾಗಿದ್ದರೆ ಕಾಯಿಲ್‌ನಲ್ಲಿ ಸುತ್ತುಗಳು ಒಂದಕ್ಕೊಂದು ತಾಗಿವೆ ಅಥವಾ ಆಲ್ನಿಕೋ ಶಕ್ತಿ ಕಳೆದುಕೊಂಡಿದೆ. ಕಾಯಿಲ್ ಸುತ್ತು ತಾಗಿದ್ದರೆ ಡಿಸಿ ರೋಧವೂ ಇಳಿದಿರುತ್ತದೆ, ಆಲ್ನಿಕೋ ಸೊರಗಿದ್ದರೆ ರೋಧ ಸರಿಯೇ ಇರುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ಯಾವುದು ಎಂದು ತಿಳಿಯುತ್ತದೆ.

ಆಲ್ನಿಕೋ

ಅಳತೆಪಟ್ಟಿಯವರ ಕೊನೆಯ ಸಾಲಿಗೆ ಒಂದು ಸೇರ್ಪಡೆ. ಆಲ್ನಿಕೋ ಸೊರಗಿದ್ದರೆ ಮ್ಯಾಗ್ನೆಟೈಸರ್ ಇರುವ ಕಾರ್ಯಾಗಾರದಲ್ಲಿ ಮತ್ತೆ ತುಂಬಿಸಬಹುದು, ಡ್ರೈವರ್ ಎಸೆಯಬೇಡಿ. ಆದರೆ ಸ್ವಚ್ಛ ಮಾಡ್ತೀನಿ ಅಂತ ಮ್ಯಾಗ್ನೆಟ್ ಭಾಗವನ್ನು ಬಿಚ್ಚಬೇಡಿ. ಕಬ್ಬಿಣದ ಸುತ್ತು ತೆರೆದ ಕ್ಷಣ ಆಲ್ನಿಕೋ ತನ್ನ ಶಕ್ತಿಯ ದೊಡ್ಡ ಪಾಲು ಕಳೆದುಕೊಳ್ಳುತ್ತೆ, ಮತ್ತೆ ಜೋಡಿಸಿದರೂ ವಾಪಸ್ ಬರಲ್ಲ. ಫೆರೈಟ್‌ನ ಕಾಯಿಲೆ ಬೇರೆ: ಬಿದ್ದಾಗ ಅಂಟು ಬಿಟ್ಟು ಮ್ಯಾಗ್ನೆಟ್ ಪಕ್ಕಕ್ಕೆ ಜರುಗಿ ಕಾಯಿಲ್ ಸಿಕ್ಕಿಹಾಕಿಕೊಳ್ಳುತ್ತೆ. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ ಒತ್ತಿದಾಗ ಒಂದಿಷ್ಟೂ ಅಲ್ಲಾಡದಿದ್ದರೆ ಅದೇ.

ಮಂದ್ರಸ್ಥಾಯಿ

ಗುಬ್ಬಿ ತಿರುಗಿಸಿದಾಗ ಚರ್ ಸದ್ದು ಬಂತು, ಟ್ವೀಟರ್ ಬದುಕಿದೆ. ತುಂಬಾ ಧನ್ಯವಾದ. ವೂಫರ್‌ಗಳು ಫೆರೈಟ್, ಅವನ್ನೇ ಉಳಿಸಿಕೊಂಡು ರೀಫೋಮ್ ಮಾಡುವುದೆಂದು ತೀರ್ಮಾನ. ಡಸ್ಟ್ ಕ್ಯಾಪ್ ಕತ್ತರಿಸಬೇಕಾ? ಮಿಡ್‌ರೇಂಜ್‌ಗೆ ಮಾತ್ರ ಒಂದು ಬದಲಿ ಬೇಕಾಗಬಹುದು. ದೂರದಿಂದ ತರಿಸುವಾಗ ಏನು ಹೇಳಬೇಕು?

ತಂತಿಗಂಟು

ಡಸ್ಟ್ ಕ್ಯಾಪ್ ಕತ್ತರಿಸಬೇಡಿ. ಕ್ರಮ ಹೀಗೆ.

ಅಂಚಿನ ಮೇಲಿನ ಪಟ್ಟಿಯನ್ನು ಮೊಂಡು ಚಾಕುವಿನಿಂದ ಸುತ್ತಲೂ ಮೆಲ್ಲಗೆ ಎಬ್ಬಿಸಿ, ಅದೇ ಮತ್ತೆ ಬೇಕು. ಹಳೇ ಫೋಮ್ ಬೆರಳಿನಿಂದ ಉಜ್ಜಿ ತೆಗೆಯಿರಿ. ಚೌಕಟ್ಟಿನ ಮೇಲಿನ ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಧಾರಾಳವಾಗಿ, ಕಾಗದದ ಕೋನ್ ಮೇಲೆ ಮಾತ್ರ ಹತ್ತಿ ಕಡ್ಡಿಯಲ್ಲಿ ಎಷ್ಟು ಬೇಕೋ ಅಷ್ಟೇ. ಒದ್ದೆಯಾದ ಕೋನ್ ಪದರ ಪದರವಾಗಿ ಏಳುತ್ತೆ, ಒಂದು ಸಲಕ್ಕೆ ಮೂರು ಇಂಚು ಜಾಗ ಸಾಕು. ಹಳೇ ಅಂಟು ಉಳಿದ ಕಡೆ ಹೊಸ ಫೋಮ್ ಓರೆ ಕೂರುತ್ತೆ, ಕಾಯಿಲ್ ಉಜ್ಜೋದು ಅಲ್ಲಿಂದಲೇ ಶುರು.

ಫೋಮ್ ಆರಿಸುವಾಗ ಇಂಚಿನ ಹೆಸರಿಗೆ ಬೆಲೆ ಕೊಡದೆ ನಾಲ್ಕು ವ್ಯಾಸ ಅಳೆಯಿರಿ: ಹೊರ ಅಂಚು, ಉಬ್ಬಿನ ಹೊರಬದಿ, ಉಬ್ಬಿನ ಒಳಬದಿ, ಒಳ ಅಂಚು. 12 ಇಂಚು ಅಂತ ಬರೆದ ಎರಡು ಫೋಮ್‌ಗಳ ಉಬ್ಬಿನ ಜಾಗ 5 ಮಿ.ಮೀ. ಬೇರೆ ಇರುತ್ತೆ. ಎಆರ್‌ಗೆ ತೆಳುವಾದ, ಬಹಳ ಮೆದುವಾದ ಫೋಮೇ ಬೇಕು.

ಮೊದಲು ಕೋನ್‌ಗೆ ಅಂಟಿಸಿ, ಒಂದು ದಿನ ಬಿಡಿ. ಒಣಗಿದ ಮೇಲೂ ಬಳುಕುವ ಬಿಳಿ ನೀರಂಟು ಕಾಗದದ ಕೋನ್‌ಗೆ ಸರಿ. ಪಾಲಿಪ್ರೊಪಿಲೀನ್ ಅಥವಾ ಬೆಕ್ಸ್‌ಟ್ರೀನ್‌ಗೆ ಅದು ಹಿಡಿಯಲ್ಲ. ಚೌಕಟ್ಟಿಗೆ ಅಂಟಿಸುವಾಗ ಡ್ರೈವರ್‌ಗೆ 30 ಹರ್ಟ್ಜ್ ಸ್ವರ ಕೊಡಿ, ಕೋನ್ ಎರಡು ಮೂರು ಮಿಲಿಮೀಟರ್ ಅಲ್ಲಾಡುವಷ್ಟು ಮಾತ್ರ. ಕಿವಿ ಹತ್ತಿರ ಇಟ್ಟು ಸುತ್ತಲೂ ಒತ್ತುತ್ತ ಬನ್ನಿ. ಉಜ್ಜುವ ಸದ್ದು ಬಂದ ಕಡೆ ಫೋಮನ್ನು ಒಂದಿಷ್ಟು ಜರುಗಿಸಿ, ಸದ್ದು ನಿಂತಲ್ಲಿ ಬಟ್ಟೆ ಕ್ಲಿಪ್ ಹಾಕಿ. ಎದುರುಬದುರು ಜಾಗ ಹಿಡಿದುಕೊಂಡು ಹೋಗಬೇಕು, ಗಡಿಯಾರದ ಮುಳ್ಳಿನ ಥರ ಸುತ್ತುತ್ತ ಹೋದರೆ ತಪ್ಪೆಲ್ಲ ಕೊನೆಯ ಜಾಗಕ್ಕೆ ಬಂದು ಕೂರುತ್ತೆ.

ಪೆಟ್ಟಿಗೆಯಲ್ಲಿ ಕೂರಿಸಿ ಇಂಪಿಡೆನ್ಸ್ ನೋಡಿದಾಗ ಶಿಖರ 43 ಹರ್ಟ್ಜ್ ಸುಮಾರಿಗೆ ಬರಬೇಕು. 50 ದಾಟಿದ್ದರೆ ಫೋಮ್ ಗಡಸಾಯಿತು ಅಥವಾ ಒಳಗಿನ ತುಂಬು ಉಣ್ಣೆ ಯಾರೋ ತೆಗೆದಿದ್ದಾರೆ.

ಹಿಂಚೀಟಿ

ಸಾಗಣೆಗೆ: ಎರಡು ಡ್ರೈವರ್ ತರಿಸುವುದಾದರೆ ಮುಖಾಮುಖಿ, ನಡುವೆ 6 ಮಿ.ಮೀ. ಪ್ಲೈವುಡ್ ಹಲಗೆ, ಅಂಚಿನ ರಂಧ್ರಗಳಲ್ಲಿ ಬೋಲ್ಟ್. ಒಂದೇ ಆದರೆ ಮುಖಕ್ಕೆ ಹಲಗೆ ಬಿಗಿಸಲಿ. ಮ್ಯಾಗ್ನೆಟ್ ಭಾರವೆಲ್ಲ ಒಂದು ಬದಿಗೆ ಇರುವುದರಿಂದ ಡಬ್ಬ ಬಿದ್ದಾಗ ಚೌಕಟ್ಟು ಬಾಗುತ್ತದೆ. ಎರಕದ ಚೌಕಟ್ಟಾದರೆ ಒಡೆಯುತ್ತದೆ. ಮ್ಯಾಗ್ನೆಟ್ ಹಿಂದೆ ಗಟ್ಟಿ ಫೋಮ್ ಹಲಗೆ, ಡಬ್ಬದೊಳಗೆ ಡಬ್ಬ, ನಡುವೆ ಕನಿಷ್ಠ 5 ಸೆಂ.ಮೀ. ಮೆತ್ತೆ. ಕೋನ್ ಮೇಲೆ ಗುಳ್ಳೆ ಪ್ಲಾಸ್ಟಿಕ್ ತುಂಬಬಾರದು, ಅದು ಒತ್ತಿ ಡಸ್ಟ್ ಕ್ಯಾಪ್ ತಗ್ಗಾಗುತ್ತದೆ. ವಿಮಾನದಲ್ಲಿ ಬರುವುದಾದರೆ ಪೊಟ್ಟಣದ ಮ್ಯಾಗ್ನೆಟಿಕ್ ಕ್ಷೇತ್ರ 2.1 ಮೀಟರ್ ದೂರದಲ್ಲಿ 0.002 ಗಾಸ್ ಮೀರಿದರೆ ಕಾಂತೀಯ ಸರಕೆಂದು ಬೇರೆ ನಿಯಮ ಅನ್ವಯವಾಗುತ್ತದೆ. ದೊಡ್ಡ ಆಲ್ನಿಕೋ, ಫೆರೈಟ್ ವೂಫರ್‌ಗಳಿಗೆ ಇದನ್ನು ಮೊದಲೇ ಕೇಳಿಕೊಳ್ಳಿ. ನಿಮ್ಮ ಮಿಡ್‌ರೇಂಜ್‌ಗೆ ತೊಂದರೆ ಆಗಲಾರದು.

ಕಪ್ಪುಬಟ್ಟೆ

ಕೂರಿಸುವಾಗಿನ ಎರಡು ಮಾತು. ತಿರುಪು ಬಿಗಿಸುವಾಗ ಕೋನ್ ಮೇಲೆ ದಪ್ಪ ರಟ್ಟು ಹಿಡಿಯಿರಿ. ಕಬ್ಬಿಣದ ಸ್ಕ್ರೂಡ್ರೈವರ್ ಮ್ಯಾಗ್ನೆಟ್ ಸೆಳೆತಕ್ಕೆ ಕೈ ಜಾರಿ ನೆಟ್ಟಗೆ ಕೋನ್‌ಗೇ ಹೋಗುತ್ತೆ. ಕಣ ಹಲಗೆಯ (ಪಾರ್ಟಿಕಲ್ ಬೋರ್ಡ್) ಪೆಟ್ಟಿಗೆಯಲ್ಲಿ ತಿರುಪನ್ನು ಮೊದಲು ಹಿಂದಕ್ಕೆ ತಿರುಗಿಸಿ, ಹಳೇ ಎಳೆಗೆ ಟಕ್ ಅಂತ ಕೂತ ಮೇಲೆ ಮುಂದಕ್ಕೆ. ಎಆರ್ ವೂಫರ್ ಸುತ್ತ ಇರುವ ಮೆತು ಪುಟ್ಟಿ ಒಣಗಿದ್ದರೆ ಪೂರ್ತಿ ಬದಲಾಯಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿ ಸಣ್ಣ ಸೋರಿಕೆಯೂ ತಗ್ಗು ದನಿ ಕೆಡಿಸುತ್ತೆ.

ಧ್ರುವ: ವೂಫರ್‌ಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಪ್ಲಸ್ ಕೆಂಪಿಗೆ ಕೊಟ್ಟಾಗ ಕೋನ್ ಮುಂದಕ್ಕೆ ಬರೋದು ಸಾಮಾನ್ಯ ನಿಯಮ. ಹಳೇ ಜೆಬಿಎಲ್‌ಗಳಲ್ಲಿ ಇದು ಉಲ್ಟಾ, ಕೆಂಪಿಗೆ ಪ್ಲಸ್ ಕೊಟ್ಟರೆ ಒಳಕ್ಕೆ ಹೋಗುತ್ತೆ. ಜೋಡಿಯಲ್ಲಿ ಒಂದು ಜೆಬಿಎಲ್ ಡ್ರೈವರ್ ಬದಲಾಯಿಸಿ ತಗ್ಗು ದನಿ ಮಾಯವಾಯಿತು ಅಂದರೆ ಮೊದಲು ಇದನ್ನು ನೋಡಿ. ಗುಮ್ಮಟದ ಮಿಡ್ ಮತ್ತು ಟ್ವೀಟರ್‌ಗೆ ಸೆಲ್ ಬೇಡ. ಬಿಚ್ಚುವ ಮುಂಚೆ ಯಾವ ಬಣ್ಣದ ತಂತಿ ಯಾವ ಟರ್ಮಿನಲ್‌ನಲ್ಲಿತ್ತು ಅಂತ ಫೋಟೋ ತೆಗೆದು ಹಾಗೇ ಹಚ್ಚಿ. ಮಿಡ್ ಬೇಕಂತಲೇ ಉಲ್ಟಾ ಜೋಡಿಸಿದ ಕ್ರಾಸ್‌ಓವರ್‌ಗಳು ಬಹಳ ಇವೆ, ಅದನ್ನು ನೋಡಿ ತಪ್ಪು ಅಂತ ತಿದ್ದಲು ಹೋಗಬೇಡಿ.

ಮಂದ್ರಸ್ಥಾಯಿ

ಬಿಚ್ಚುವ ಮುಂಚೆ ಫೋಟೋ ತೆಗೆದಾಯಿತು. ಎರಡೂ ಪೆಟ್ಟಿಗೆಗಳಲ್ಲಿ ಮಿಡ್ ತಂತಿ ಒಂದೇ ಥರ ಇದೆ. ಫೋಮ್‌ಗೆ ನಾಲ್ಕು ವ್ಯಾಸ ಅಳೆದು ಬರೆದಿದ್ದೇನೆ. ರೀಫೋಮ್ ಆದ ಮೇಲೆ ಎರಡೂ ವೂಫರ್‌ಗಳ ಇಂಪಿಡೆನ್ಸ್ ರೇಖೆ ಹಾಕುತ್ತೇನೆ, 43ರ ಆಸುಪಾಸಿಗೆ ಬಂತೇ ಇಲ್ಲವೇ ಅಂತ ನೋಡಿ ಹೇಳಿ.